ಸಂಗೀತ ತರಗತಿ, ವಿಜ್ಞಾನ ಶಿಬಿರಗಳಿಗೆ ಕತ್ತರಿ ಬೀಳಲಿದೆಯಂತೆ: ಪೋಷಕರು ಏನು ಮಾಡಬಹುದು?

ಪ್ರಶ್ನೆ

ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಮೂರು ವರ್ಷವಾಯಿತು. ಮಗಳು ಇಲ್ಲಿನ ಪಬ್ಲಿಕ್ (ಸರ್ಕಾರಿ) ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ. ಮಕ್ಕಳ ಸಂಖ್ಯೆ ಇಳಿದು ಬಜೆಟ್‌ನಲ್ಲಿ ಕೊರತೆ ಉಂಟಾಗಿರುವುದರಿಂದ, ಬರುವ ವರ್ಷ ವಾದ್ಯಸಂಗೀತದ ತರಗತಿಯನ್ನೂ ಐದನೇ ತರಗತಿಯ ವಿಜ್ಞಾನ ಶಿಬಿರವನ್ನೂ ನಿಲ್ಲಿಸುವ ಪ್ರಸ್ತಾವವಿದೆ ಎಂದು ಇಲ್ಲಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ ಪತ್ರ ಬಂದಿದೆ. ದೇಣಿಗೆ ಕೊಟ್ಟರೆ ಸಾಕೇ, ಬೇರೆ ಏನಾದರೂ ಮಾಡಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಇಬ್ಬರು ಮಕ್ಕಳ ತಾಯಿ

ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಇದೇ ಪರಿಸ್ಥಿತಿ ಬಂದಾಗ ನಾನು ತಕ್ಷಣ ಚೆಕ್ ಬರೆದುಕೊಟ್ಟೆ. ಬಜೆಟ್ ಓದಬೇಕೆಂದು ತಿಳಿದದ್ದು ಆಮೇಲೆ. ನೀವು ಓದುವುದರಿಂದಲೇ ಆರಂಭಿಸಿ.

ಇಲ್ಲಿ ಶಾಲೆಯ ಹಣವೆಲ್ಲ ಒಂದೇ ಗಂಟಿನಲ್ಲಿ ಇರುವುದಿಲ್ಲ. ಬೇರೆ ಬೇರೆ ಗಂಟುಗಳಿರುತ್ತವೆ, ಒಂದರ ಹಣವನ್ನು ಇನ್ನೊಂದರ ಕೆಲಸಕ್ಕೆ ಬಳಸುವಂತಿಲ್ಲ. ಬೇ ಏರಿಯಾದಲ್ಲಿ ಮನೆಗಳ ಬೆಲೆ ಇಷ್ಟಿರುವಾಗ ಶಾಲೆಗೆ ಹಣವಿಲ್ಲವೆಂದರೆ ಹೇಗೆ ಎಂದು ನಮ್ಮವರು ಕೇಳುತ್ತಾರೆ. ಕಾರಣ, ಮತದಾರರೇ ಒಪ್ಪಿದ 1978ರ ಪ್ರಾಪ್ 13 ಎಂಬ ರಾಜ್ಯದ ಕಾನೂನು ಆಸ್ತಿ ತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಮಿತಿಗೊಳಿಸಿತು, ಮನೆ ಕೈಬದಲಾಗದಿದ್ದರೆ ತೆರಿಗೆಗೆ ಲೆಕ್ಕ ಹಾಕುವ ಮೌಲ್ಯವೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಮಾಡಿತು. ಕಟ್ಟಡಕ್ಕೆಂದು ಮತದಾರರು ಒಪ್ಪಿದ ಬಾಂಡ್ (ಸಾಲದ) ಹಣದಿಂದ ಶಿಕ್ಷಕರ ಸಂಬಳ ಕೊಡುವಂತಿಲ್ಲ. ಹೊಸ ಕಟ್ಟಡ ಏಳುತ್ತಿರುವ ಶಾಲೆಯಲ್ಲಿಯೇ ಶಿಕ್ಷಕರ ಕೈಗೆ ಲೇಆಫ್ ನೋಟಿಸ್ ಬರುವುದು ಈ ಕಾರಣಕ್ಕೆ. ಪ್ರತಿ ಆಸ್ತಿಯ ಮೇಲೆ ಹಾಕುವ ಸ್ಥಳೀಯ ತೆರಿಗೆಯಾದ ಪಾರ್ಸೆಲ್ ಟ್ಯಾಕ್ಸ್ ಹಣವನ್ನು ಸಂಬಳಕ್ಕೂ ಬಳಸಬಹುದು, ಆದರೆ ಡಿಸ್ಟ್ರಿಕ್ಟ್ ಅದನ್ನು ಮತಕ್ಕೆ ಹಾಕಿದಾಗ ಮೂರನೇ ಎರಡರಷ್ಟು ಮತ ಬೀಳಬೇಕು. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ಕೊಟ್ಟ ನೆರವಿನ ಕೊನೆಯ ಕಂತನ್ನು ಖರ್ಚಿಗೆ ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿದಿದೆ, ಆ ಹಣವನ್ನು ನಂಬಿ ನೇಮಿಸಿಕೊಂಡವರ ಸಂಬಳಕ್ಕೆ ಈಗ ದಾರಿಯಿಲ್ಲ.

ಸಂಗೀತದ ವಿಷಯದಲ್ಲಿ ನೀವು ಹಿಡಿಯಬೇಕಾದ ಗಂಟು ಬೇರೆಯೇ ಇದೆ. 2022ರಲ್ಲಿ ಮತದಾರರು ಒಪ್ಪಿದ ಪ್ರಾಪ್ 28ರ ಹಣ ಕಲೆ ಮತ್ತು ಸಂಗೀತಕ್ಕೆಂದೇ ಪ್ರತಿ ವರ್ಷ ಬರುತ್ತದೆ. 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಡಿಸ್ಟ್ರಿಕ್ಟ್ ಅದರಲ್ಲಿ ಕನಿಷ್ಠ ಶೇ. 80ನ್ನು ಕಲಿಸುವ ಸಿಬ್ಬಂದಿಗೆ ಖರ್ಚು ಮಾಡಬೇಕು. ಮೊದಲಿನಿಂದ ಮಾಡುತ್ತಿದ್ದ ಖರ್ಚನ್ನು ನಿಲ್ಲಿಸಿ ಅದರ ಜಾಗದಲ್ಲಿ ಈ ಹಣವನ್ನು ತೋರಿಸುವಂತಿಲ್ಲ. ಖರ್ಚಿನ ವಾರ್ಷಿಕ ವರದಿಯನ್ನು ಡಿಸ್ಟ್ರಿಕ್ಟ್ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಅದನ್ನು ಕೈಯಲ್ಲಿ ಹಿಡಿದೇ ಡಿಸ್ಟ್ರಿಕ್ಟ್‌ನ ಬೋರ್ಡ್ (ಆಡಳಿತ ಮಂಡಳಿ) ಮೀಟಿಂಗಿಗೆ ಹೋಗಿ.

ನಮ್ಮ ಮೀಟಿಂಗಿನಲ್ಲಿ ಮಾತಾಡಲು ಹೆಸರು ಕೊಟ್ಟವರು ಬಹಳ ಮಂದಿಯಿದ್ದುದರಿಂದ ತಲಾ ಒಂದೇ ನಿಮಿಷ ಸಿಕ್ಕಿತು. ನನಗಿಂತ ಮುಂದೆ ಒಬ್ಬ ಹುಡುಗ ಪುಟ್ಟ ವಯಲಿನ್ ಹಿಡಿದು ನಿಂತಿದ್ದ. ಬೆರಳು ಎಲ್ಲಿ ಒತ್ತಬೇಕೆಂದು ಶಿಕ್ಷಕಿ ಅಂಟಿಸಿದ್ದ ಟೇಪಿನ ಅಂಚುಗಳು ಸವೆದು ಮೇಲೆದ್ದಿದ್ದವು. ಅವನು ಮಾತಾಡದೆ ನಾಲ್ಕು ಸಾಲು ನುಡಿಸಿದ, ಸಭೆ ಚಪ್ಪಾಳೆ ತಟ್ಟಿತು, ನನಗೆ ಕಣ್ಣು ತುಂಬಿತು. ಆದರೆ ಆ ರಾತ್ರಿ ಯಾವ ನಿರ್ಧಾರವೂ ಬದಲಾಗಲಿಲ್ಲ. ಮುಂದಿನ ಸಭೆಯಲ್ಲಿ ಮೂವರು ಪೋಷಕರು, ನಮ್ಮ ಶಾಲೆಗೆ ಬಂದ ಪ್ರಾಪ್ 28ರ ಹಣವೆಷ್ಟು, ಅದರಿಂದ ಯಾರ ಸಂಬಳ ಹೋಗುತ್ತಿದೆ ಎಂದು ಕಾಗದ ತೋರಿಸಿ ಕೇಳಿದಾಗ, ಲೆಕ್ಕ ತರುವಂತೆ ಬೋರ್ಡ್ ತನ್ನ ಹಣಕಾಸು ಅಧಿಕಾರಿಗೆ ಸೂಚಿಸಿತು. ಕೊನೆಗೆ ನಾಲ್ಕು ಮತ್ತು ಐದನೇ ತರಗತಿಯ ವಾದ್ಯಸಂಗೀತ ಉಳಿಯಿತು, ಮೂರನೇ ತರಗತಿಯದು ಹೋಯಿತು. ಅದರ ಬೇಸರ ನನಗೆ ಇನ್ನೂ ಇದೆ.

ತಡ ಮಾಡಬೇಡಿ. ಶಿಕ್ಷಕರಿಗೆ ಲೇಆಫ್‌ನ ಮೊದಲ ನೋಟಿಸ್ ಮಾರ್ಚ್ 15ರೊಳಗೆ ಹೋಗಬೇಕಾದ್ದರಿಂದ ನಿಜವಾದ ಚರ್ಚೆ ಜನವರಿ, ಫೆಬ್ರವರಿಯಲ್ಲಿಯೇ ನಡೆದುಬಿಡುತ್ತದೆ. ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಪ್ರಕಟಿಸಬೇಕೆಂಬ ನಿಯಮವಿದೆ, ಅದನ್ನು ತಪ್ಪದೆ ನೋಡುತ್ತಿರಿ.

ಉತ್ತರ: ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವವರು

ಮೇಲಿನವರು ಹೇಳಿದ್ದಕ್ಕೆ ನಮ್ಮ ಮನೆಗಳಿಗೇ ಸಂಬಂಧಿಸಿದ ಒಂದು ಮಾತನ್ನು ಸೇರಿಸುತ್ತೇನೆ. ರಾಜ್ಯ ಶಾಲೆಗಳಿಗೆ ಹಣ ಹಂಚಲು 2013ರಲ್ಲಿ ತಂದ ಎಲ್‌ಸಿಎಫ್‌ಎಫ್ ಸೂತ್ರದ ಪ್ರಕಾರ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ಹಣ ಬರುವುದು ದಿನದ ಸರಾಸರಿ ಹಾಜರಾತಿಯ ಮೇಲೆ. ಹೆಸರು ದಾಖಲಾಗಿದ್ದರೆ ಸಾಲದು, ಮಗು ಬಂದು ಕೂತಿರಬೇಕು. (ಆಸ್ತಿ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರುವ ಕೆಲವು ಡಿಸ್ಟ್ರಿಕ್ಟ್‌ಗಳಿಗೆ ಈ ಲೆಕ್ಕ ತಟ್ಟುವುದಿಲ್ಲ.) ಡಿಸೆಂಬರ್ ರಜೆಗೆ ಮುಂಚೆ ಒಂದು ವಾರ, ಮುಗಿದ ಮೇಲೆ ಒಂದು ವಾರ ಸೇರಿಸಿಕೊಂಡು ಊರಿಗೆ ಹೋಗುವ ಕುಟುಂಬಗಳು ನಮ್ಮಲ್ಲಿ ಬಹಳ. ಅಜ್ಜಿ ತಾತನನ್ನು ನೋಡಬೇಡಿ ಎಂದು ಯಾರೂ ಹೇಳುವುದಿಲ್ಲ. ಹೋಗುವ ಮುನ್ನ ಕಚೇರಿಗೆ ಬಂದು ಇಂಡಿಪೆಂಡೆಂಟ್ ಸ್ಟಡಿ (ಶಾಲೆಗೆ ಬಾರದೆ ಪಾಠ ಮುಗಿಸುವ) ಒಪ್ಪಂದಕ್ಕೆ ಸಹಿ ಮಾಡಿ, ಕೊಟ್ಟ ಪಾಠಗಳನ್ನು ಮಗು ಮುಗಿಸಿ ಒಪ್ಪಿಸಿದರೆ ನಿಯಮದಂತೆ ಆ ದಿನಗಳು ಹಾಜರಾತಿಗೆ ಸೇರುತ್ತವೆ. ವಿಮಾನ ಹತ್ತುವ ಹಿಂದಿನ ದಿನ ಇಮೇಲ್ ಕಳಿಸಿದರೆ ನಮ್ಮ ಕೈಯಲ್ಲಿ ಏನೂ ಆಗುವುದಿಲ್ಲ.

ಉತ್ತರ: ಆರನೇ ತರಗತಿಯ ಹುಡುಗನ ತಂದೆ

ಶಿಬಿರದ ಬಗ್ಗೆ ಹೇಳುತ್ತೇನೆ. ನನ್ನ ಮಗ ಕಳೆದ ವರ್ಷ ರೆಡ್‌ವುಡ್ ಕಾಡಿಗೆ ಹೋಗಿ ಬಂದವನು, ಬಾಳೆಹಣ್ಣಿನಷ್ಟೇ ಹಳದಿಯಾದ, ಚಿಪ್ಪಿಲ್ಲದ ಬಸವನಹುಳು ಅಂಗೈ ಮೇಲೆ ಎಷ್ಟು ನಿಧಾನ ಹರಿಯಿತೆಂದು ಊಟ ಮಾಡುತ್ತಾ ಬೆರಳಿನಿಂದ ತೋರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಅದನ್ನು ಉಳಿಸಿಕೊಳ್ಳಲು ದುಡಿಯುವುದು ಸಾರ್ಥಕ. ಆದರೆ ಹಣ ಕೊಡದ ಮನೆಯ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಕಲಿಕೆಯ ಭಾಗವಾದ ಚಟುವಟಿಕೆಗಳಿಗೆ ಪಬ್ಲಿಕ್ ಶಾಲೆ ಶುಲ್ಕ ವಿಧಿಸುವಂತಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟ್ 1984ರಲ್ಲಿಯೇ ತೀರ್ಪು ಕೊಟ್ಟಿದೆ. ನಮ್ಮ ಪಿಟಿಎ (ಪೋಷಕರ ಮತ್ತು ಶಿಕ್ಷಕರ ಸಂಘ) ಒಟ್ಟು ಖರ್ಚನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಸಾಧ್ಯವಿದ್ದವರು ಎರಡು ಪಾಲು ಕೊಡಿ ಎಂದು ಕೇಳಿತು, ಯಾರು ಎಷ್ಟು ಕೊಟ್ಟರೆಂದು ಎಲ್ಲಿಯೂ ಹಾಕಲಿಲ್ಲ. ನಿಮ್ಮ ಕಂಪನಿ ದೇಣಿಗೆಗೆ ಸಮನಾಗಿ ಹಣ ಸೇರಿಸುತ್ತದೆಯೇ ಎಂದು ವಿಚಾರಿಸಿ, ನಮಗೆ ಅಲ್ಲಿಂದಲೇ ದೊಡ್ಡ ಮೊತ್ತ ಬಂದಿತು. ಬಸ್ ಬುಕಿಂಗ್ ಆಗಸ್ಟ್‌ನಲ್ಲಿಯೇ ಮಾಡಿಸಿ.