ಹಳೇ ಬ್ರೆಡ್ಡಿನ ಉಪ್ಪಿಟ್ಟು ಮುದ್ದೆ, ಜಾಮೂನು ಎಣ್ಣೆಯಲ್ಲೇ ಚೂರು: ಎಲ್ಲಿ ತಪ್ಪುತ್ತಿದೆ?

ಒಗ್ಗರಣೆ_ಸೌಟು

400 ಗ್ರಾಂ ಪ್ಯಾಕೆಟ್ಟಿನ ಮಿಲ್ಕ್ ಬ್ರೆಡ್, ತಂದು 5 ದಿನ, ಫ್ರಿಜ್ಜಿನಲ್ಲಿಟ್ಟಿದ್ದು. ಪ್ರತಿ ವಾರ 8–10 ಸ್ಲೈಸ್ ಹೀಗೆ ಗಟ್ಟಿಯಾಗಿ ಉಳಿಯುತ್ತೆ. ಮೂರು ಥರ ಮಾಡಿದ್ದು, ಮೂರೂ ಕೆಟ್ಟಿದೆ. ಮಾಡಿದ ರೀತಿ ಪೂರ್ತಿ ಹಾಕ್ತಿದ್ದೀನಿ.

ಉಪ್ಪಿಟ್ಟು: ಬ್ರೆಡ್ ಗಟ್ಟಿ ಅಂತ ನೀರಲ್ಲಿ ಅದ್ದಿ ಹಿಂಡಿ, ಚೂರು ಮಾಡಿ, ಈರುಳ್ಳಿ–ಟೊಮೆಟೊ ಒಗ್ಗರಣೆಗೆ ಹಾಕಿ 5 ನಿಮಿಷ ಮುಚ್ಚಿ ಬೇಯಿಸಿದ್ದು. ಅಂಟು ಮುದ್ದೆ. ರವೆ ಉಪ್ಪಿಟ್ಟಿನಷ್ಟೇ ಉಪ್ಪು ಹಾಕಿದ್ದಕ್ಕೆ ಉಪ್ಪೂ ಜಾಸ್ತಿ.

ಜಾಮೂನು: ಅಂಚು ತೆಗೆದು ಹಾಲಲ್ಲಿ ಅದ್ದಿ, ಹಿಂಡಿ, ಚೆನ್ನಾಗಿ ನಾದಿ, ಉಂಡೆ ಮಾಡಿ, ಚೆನ್ನಾಗಿ ಕಾದ ಎಣ್ಣೆಗೆ ಬಿಟ್ಟಿದ್ದು. ಅರ್ಧ ಬಿಚ್ಚಿಕೊಂಡು ಎಣ್ಣೆ ತುಂಬ ಚೂರು. ಉಳಿದವು ಮೇಲೆ ಕಪ್ಪು, ಒಳಗೆ ಬಿಳಿ ಹಿಟ್ಟು.

ಬ್ರೆಡ್ ಪುಡಿ: ತವಾ ಮೇಲೆ ಬಾಡಿಸಿ ಮಿಕ್ಸಿಗೆ ಹಾಕಿ ಡಬ್ಬಿಗೆ ತುಂಬಿದ್ದು. ಎರಡನೇ ದಿನಕ್ಕೆ ಗಂಟು, ವಾರಕ್ಕೆ ಮುಗ್ಗಲು ವಾಸನೆ.

ಹಿಟ್ಟು_ಹದ

ಮೂರಕ್ಕೂ ಬೇರು ಒಂದೇ. ಗಟ್ಟಿಯಾಗಿದೆ ಅಂದ್ರೆ ನೀರು ಹೋಗಿದೆ ಅಂದುಕೊಂಡು ನೀರೋ ಹಾಲೋ ವಾಪಸ್ ಕೊಡೋಕೆ ಹೊರಟಿದ್ದೀರ. ಪ್ಯಾಕೆಟ್ ಕಟ್ಟಿಟ್ಟ ಬ್ರೆಡ್ಡಿನ ನೀರು ಹೆಚ್ಚಿನಂಶ ಅದರೊಳಗೇ ಇರುತ್ತೆ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ, ಆರಿದ ಮೇಲೆ ದಿನದಿನಕ್ಕೆ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತೆ, ಅಷ್ಟೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆಗೆ ಬಿರುಸಾಗೋದೂ ಹೀಗೇ. ಅದಕ್ಕೆ ಯಾರೂ ನೀರು ಸುರಿಯಲ್ಲ, ಬಿಸಿ ಮಾಡ್ತಾರೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಬುಸಿಂಗೋ 1852ರಲ್ಲೇ ಇದನ್ನ ತೋರಿಸಿದ್ದ: ನೀರಿನಂಶ ಹೋಗದ ಹಾಗೆ ಮುಚ್ಚಿಟ್ಟರೂ ಬ್ರೆಡ್ ಬಿರುಸಾಗುತ್ತೆ, ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತೆ. ಒಳಗಿನ ತನಕ 60 ಡಿಗ್ರಿ ದಾಟಿದರೆ ಸಾಕು. ತವಾ ಮೇಲೆ ಸ್ಲೈಸ್ ಇಟ್ಟು, ಪಕ್ಕದಲ್ಲಿ ನಾಲ್ಕು ಹನಿ ನೀರು ಬಿಟ್ಟು 40 ಸೆಕೆಂಡ್ ಮುಚ್ಚಿ ನೋಡಿ. ಆದರೆ ತಕ್ಷಣ ತಿನ್ನಬೇಕು, ಆರಿದರೆ ಮೊದಲಿಗಿಂತ ಬಿರುಸು.

ಇನ್ನೊಂದು, ಫ್ರಿಜ್. ಪಿಷ್ಟ ಬಿಗಿಯಾಗೋದು 4–5 ಡಿಗ್ರಿಯಲ್ಲಿ ಅತಿ ವೇಗ, ಹೊರಗಿಟ್ಟಿದ್ದಕ್ಕಿಂತಲೂ ವೇಗ. ಮಳೆಗಾಲದಲ್ಲಿ ಬೂಷ್ಟು ತಡವಾಗಲಿ ಅಂತ ಇಡೋದಾದರೆ ಸರಿ, ಮೃದುವಾಗಿರಲಿ ಅಂತ ಇಡೋದು ತಪ್ಪು. ವಾರಕ್ಕೆ 8 ಸ್ಲೈಸ್ ಉಳಿಯೋದು ಖಾತ್ರಿ ಅಂದ್ರೆ, ತಂದ ದಿನವೇ ಆ 8ನ್ನ ಬೇರೆ ಕವರಿನಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ. ಅಲ್ಲಿ ಈ ಕೆಲಸ ಹೆಚ್ಚುಕಮ್ಮಿ ನಿಂತುಹೋಗುತ್ತೆ. ಬೇಕಾದಾಗ ಕರಗಿಸದೆ ನೇರ ತವಾಗೆ.

ಈಗ ಒಂದು ಸ್ಲೈಸ್ ಬಗ್ಗಿಸಿ ನೋಡಿ ಹೇಳಿ. ಬಗ್ಗಿ ಆಮೇಲೆ ಬಿರಿಯುತ್ತಾ, ಟಕ್ಕಂತ ಮುರಿಯುತ್ತಾ? ಮೊದಲನೇದು ಬರೀ ಬಿರುಸು, ಉಪ್ಪಿಟ್ಟು ಜಾಮೂನು ಟೋಸ್ಟ್ ಯಾವುದಕ್ಕಾದರೂ ಆಗುತ್ತೆ. ಎರಡನೇದು ನಿಜಕ್ಕೂ ಒಣಗಿದ್ದು, ಅದು ಪುಡಿಗೆ.

ಒಗ್ಗರಣೆ_ಸೌಟು

ಬಗ್ಗುತ್ತೆ, ಆಮೇಲೆ ಬಿರಿಯುತ್ತೆ. ಅಂಚು ಮಾತ್ರ ಚರ್ಮದ ಥರ ನಾರು ನಾರು.

ಧಾರವಾಡ_ಫಳಾರ

ಚುರುಮರಿ ಸುಸಲಾ ಮಾಡಿದಂಗ ಮಾಡೀರಿ ನೋಡ್ರಿ. ಚುರುಮರಿ ನೀರಾಗ ಅದ್ದಿ ಹಿಂಡಿದ್ರ ತನ್ನ ಆಕಾರ ಬಿಡೂದಿಲ್ಲ. ಬ್ರೆಡ್ ಹಂಗಲ್ಲ, ತನ್ನ ತೂಕದಷ್ಟ ನೀರು ಹೀರತೈತಿ, ಹಿಂಡಿದ್ರ ತೂತೆಲ್ಲಾ ಮುಚ್ಚಿ ಹಿಟ್ಟ ಆಗತೈತಿ. ಅದನ್ನ ಮ್ಯಾಲೆ ಮುಚ್ಚಿ ಬ್ಯಾರೆ ಬೇಯಿಸೀರಿ. ಬ್ರೆಡ್ ಒಮ್ಮೆ ಬೆಂದದ್ದ ಐತ್ರಿ, ಮತ್ತ ಬೇಯಿಸೂ ಅಗತ್ಯ ಇಲ್ಲ.

8 ಸ್ಲೈಸಿನ ಲೆಕ್ಕಾ, ಸುಮಾರು 200 ಗ್ರಾಂ. ಅಂಚು ತಗೀಬ್ಯಾಡ್ರಿ, ಉಪ್ಪಿಟ್ಟಿನ್ಯಾಗ ಅದ ಗಟ್ಟಿ ಹಿಡೀತೈತಿ. 2 ಸೆಂಟಿಮೀಟರ್ ಚೌಕ ಹೆಚ್ಚಿ, ಒಣಾ ಬಾಣಲಿಯೊಳಗ ಸಣ್ಣ ಉರಿ ಮ್ಯಾಲೆ 5–6 ನಿಮಿಷ ಹುರೀರಿ. ಮೂಲಿ ಕೆಂಪಾಗಬೇಕು, ನಡುಕ ಮೆತ್ತಗ ಇರಬೇಕು. ತಾಟಿನ್ಯಾಗ ಹರವಿಡ್ರಿ, ರಾಶಿ ಹಾಕಿದ್ರ ತಮ್ಮ ಉಗಿಗೇ ಮತ್ತ ಮೆತ್ತಗಾಗತಾವು.

ಅದ ಬಾಣಲಿಗೆ 2 ದೊಡ್ಡ ಚಮಚ ಎಣ್ಣಿ, ಸಾಸವಿ, ಜೀರಗಿ, ಒಂದು ಚಮಚ ಉದ್ದಿನಬ್ಯಾಳಿ, ಕರಿಬೇವು, 3 ಹಸಿಮೆಣಸಿನಕಾಯಿ, ಒಂದು ದೊಡ್ಡ ಉಳ್ಳಾಗಡ್ಡಿ. ಮಿಲ್ಕ್ ಬ್ರೆಡ್ ಸಿಹಿ ಇರತೈತಿ, ಅದಕ್ಕ ಇನ್ನೊಂದು ಮೆಣಸಿನಕಾಯಿ ಹಾಕಿದ್ರೂ ನಡೀತೈತಿ. ಆಮ್ಯಾಲೆ ಒಂದು ಟೊಮೆಟೊ, ಚೂರು ಅರಿಷಿಣ. ಇಲ್ಲೇ ಎಲ್ಲಾರೂ ಅವಸರ ಮಾಡ್ತಾರ. ಟೊಮೆಟೊ ನೀರು ಪೂರಾ ಆರಿ ಎಣ್ಣಿ ಬದಿಗೆ ಬಿಡೂತನಕ, 6–7 ನಿಮಿಷ ಬೇಕು. ಹಸಿ ಟೊಮೆಟೊ ನೀರು ಉಳಿದ್ರ ಅದನ್ನ ಬ್ರೆಡ್ಡ ಕುಡೀತೈತಿ.

ಉರಿ ಆರಿಸಿ ಬ್ರೆಡ್ ಹಾಕ್ರಿ. ಕೆಳಗಿಂದ ಎತ್ತಿ ಹೊಳ್ಳಿಸ್ರಿ, ತಿರುವಬ್ಯಾಡ್ರಿ. ಒಂದ ದೊಡ್ಡ ಚಮಚ ಮಜ್ಜಿಗಿ ಕೈಯಿಂದ ಚಿಮುಕಿಸಿ, 1 ನಿಮಿಷ ಮುಚ್ಚಿ ತಗೀರಿ. ಲಿಂಬಿ ತಾಟಿಗೆ ಬಡಿಸಿದ ಮ್ಯಾಲೆ ಹಿಂಡ್ರಿ.

ಉಪ್ಪಿನ ಮಾತು: ಬ್ರೆಡ್ಡಿನ್ಯಾಗ ಮೊದಲ ಉಪ್ಪು ಐತಿ, 100 ಗ್ರಾಮಿಗೆ ಒಂದು ಗ್ರಾಮಿನ ಮ್ಯಾಲೆ. 8 ಸ್ಲೈಸಿಗೆ ಅರ್ಧ ಟೀ ಚಮಚದ ಹತ್ರ ಬಂತು. ಉಳ್ಳಾಗಡ್ಡಿ–ಟೊಮೆಟೊಕ್ಕ ಎಷ್ಟು ಬೇಕೋ ಅಷ್ಟ ಹಾಕ್ರಿ, ಕಾಲು ಚಮಚ ಸಾಕು.

ಎಳೆಪಾಕ

ಜಾಮೂನಿನ ವಿಷಯ. ಮೈದಾ ಅಥವಾ ಖೋವಾ ಜಾಮೂನಿನಲ್ಲಿ ಉಂಡೆ ಹಿಡಿದಿಡೋದು ಹಸಿ ಹಿಟ್ಟು. ಬ್ರೆಡ್ಡಿನಲ್ಲಿ ಹಸಿ ಹಿಟ್ಟು ಅನ್ನೋದೇ ಇಲ್ಲ, ಎಲ್ಲ ಬೆಂದು ಕೂತಿದೆ. ಬೆಂದ ಹಿಟ್ಟು ಎಣ್ಣೆಯಲ್ಲಿ ಹೊಸದಾಗಿ ಒಂದಕ್ಕೊಂದು ಕಚ್ಚಿಕೊಳ್ಳಲ್ಲ. ಅದರ ಮೇಲೆ ನೀವು ಸ್ಲೈಸ್ ಪೂರ್ತಿ ಅದ್ದಿ ಹಿಂಡಿದ್ದೀರ, ಒಂದು ಕಡೆ ಒದ್ದೆ, ಒಂದು ಕಡೆ ಬಿರುಸು ಗಂಟು. ಒದ್ದೆ ಇರೋ ಕಡೆ ಉಗಿ ಎದ್ದು ಉಂಡೆ ಸೀಳುತ್ತೆ.

8 ಸ್ಲೈಸಿನ ಅಂಚು ತೆಗೆದರೆ ಸುಮಾರು 125 ಗ್ರಾಂ ಬಿಳಿ ಭಾಗ ಉಳಿಯುತ್ತೆ. ಮೊದಲು ಒಣದಾಗೇ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ಪುಡಿ ಮಾಡಿ. ಇಲ್ಲಿ ಹಳೇ ಬ್ರೆಡ್ಡೇ ಮೇಲು, ತಾಜಾ ಬ್ರೆಡ್ ಮಿಕ್ಸಿಯಲ್ಲಿ ಉಂಡೆಗಟ್ಟುತ್ತೆ. ಪುಡಿಗೆ 3 ದೊಡ್ಡ ಚಮಚ ಹಾಲಿನ ಪುಡಿ, 1 ದೊಡ್ಡ ಚಮಚ ಮೈದಾ, 1 ಟೀ ಚಮಚ ತುಪ್ಪ ಬೆರೆಸಿ. ಹಿಡಿದಿಡೋ ಕೆಲಸ ಮೈದಾ ಮತ್ತು ಹಾಲಿನ ಪುಡಿಯದು. ತಣ್ಣನೆ ಹಾಲು 4 ದೊಡ್ಡ ಚಮಚ ಉದುರಿಸಿ, ಬೆರಳ ತುದಿಯಲ್ಲಿ ಕಲೆಸಿ, 10 ನಿಮಿಷ ಮುಚ್ಚಿಡಿ. ಬಿರುಸು ಪುಡಿ ನಿಧಾನ ಹೀರುತ್ತೆ; ಕಾಯದೆ ಇನ್ನಷ್ಟು ಹಾಲು ಸುರಿದವರದ್ದೇ ಬಿಚ್ಚಿಕೊಳ್ಳೋದು. ಆಮೇಲೂ ಉಂಡೆ ಬಿರುಕು ಬಿಟ್ಟರೆ ಇನ್ನೊಂದು ಚಮಚ, ಮತ್ತೊಂದು ಚಮಚ. ನಾದಬೇಡಿ. 16–18 ಉಂಡೆ ಬರುತ್ತೆ, ಒಂದು ಸುಮಾರು 12 ಗ್ರಾಂ, ಮೈ ನುಣುಪಾಗಿರಬೇಕು.

ಎಣ್ಣೆ 140–150 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಗೋಲಿಯಷ್ಟು ಹಿಟ್ಟು ಬಿಡಿ: ತಳಕ್ಕೆ ಹೋಗಿ, ಸಣ್ಣ ಗುಳ್ಳೆ ಬಿಡುತ್ತಾ ನಿಧಾನ ಮೇಲೆ ಬರಬೇಕು. ಬಿಟ್ಟ ಕೂಡಲೇ ಮೇಲೆದ್ದು ಕೆಂಪಾದರೆ ಎಣ್ಣೆ ಜಾಸ್ತಿ ಕಾದಿದೆ. ಬ್ರೆಡ್ಡಿನ ಸಕ್ಕರೆ, ಹಾಲಿನ ಪುಡಿ ಎರಡೂ ಬೇಗ ಬಣ್ಣ ಕಟ್ಟುತ್ತವೆ, ನಿಮಗೆ ಮೇಲೆ ಕಪ್ಪು ಒಳಗೆ ಬಿಳಿ ಆಗಿದ್ದು ಅದಕ್ಕೇ. ಮೊದಲು ಒಂದೇ ಉಂಡೆ ಕರಿದು ನೋಡಿ. ಬಿಚ್ಚಿಕೊಂಡರೆ ಉಳಿದ ಹಿಟ್ಟಿಗೆ ಇನ್ನೊಂದು ಚಮಚ ಮೈದಾ.

ಪಾಕಕ್ಕೆ 300 ಗ್ರಾಂ ಸಕ್ಕರೆ, 350 ಮಿಲಿ ನೀರು, 5–6 ನಿಮಿಷ ಕುದಿ. ಬೆರಳಿಗೆ ಜಿಗುಟಾಗಬೇಕು, ಎಳೆ ಬರಬಾರದು.

ಹೆಂಚು_ಕಾವು

ಒಂದು ಪ್ರಶ್ನೆ, ಇದೇ ಚರ್ಚೆಗೆ ಸೇರುತ್ತೆ ಅಂತ. ಒಂದು ಮೂಲೆಯಲ್ಲಿ ಮಾತ್ರ ಹಸಿರು ಚುಕ್ಕೆ ಇದ್ದರೆ ಅಷ್ಟು ಕತ್ತರಿಸಿ ಉಳಿದದ್ದು ಕರಿಯೋಕೆ ಬಳಸಬಹುದಲ್ವಾ? ಹೇಗೂ ಎಣ್ಣೆ ಬಿಸಿಗೆ ಎಲ್ಲ ಸಾಯುತ್ತೆ.

ಹಿಟ್ಟು_ಹದ

ಬೇಡ. ಹಳೇ ಬ್ರೆಡ್ ಬೇರೆ, ಹಳಸಿದ ಬ್ರೆಡ್ ಬೇರೆ. ಕಣ್ಣಿಗೆ ಕಾಣೋ ಹಸಿರು ಬೀಜಕದ ಪುಡಿ ಮಾತ್ರ, ಅದರ ಎಳೆಗಳು ಅಷ್ಟರಲ್ಲಾಗಲೇ ಬ್ರೆಡ್ಡಿನ ತೂತುಗಳೊಳಗೆ ಹಬ್ಬಿರುತ್ತವೆ. ಬೂಷ್ಟು ಸಾಯುತ್ತೆ ನಿಜ, ಆದರೆ ಕೆಲವು ಬೂಷ್ಟು ಬಿಡೋ ವಿಷ ಅಡುಗೆಯ ಬಿಸಿಗೆ ನಾಶವಾಗಲ್ಲ. ಪ್ಯಾಕೆಟ್ಟಿಗೇ ಹಬ್ಬಿದ್ದರೆ ಇಡೀ ಪ್ಯಾಕೆಟ್ ಕಸಕ್ಕೆ, ಮೂಸಿ ಕೂಡ ನೋಡಬೇಡಿ.

ಬೂಷ್ಟು ಇಲ್ಲದೆಯೂ ಕೆಡುತ್ತೆ, ಇದು ಬೇಸಿಗೆಯಲ್ಲಿ ಹೆಚ್ಚು. ಮುರಿದರೆ ಒಳಗೆ ಅಂಟಂಟು, ಜೇಡರ ಬಲೆಯ ಹಾಗೆ ನೂಲು ಎಳೆಯುತ್ತೆ, ಅತಿಯಾಗಿ ಹಣ್ಣಾದ ಹಣ್ಣಿನ ವಾಸನೆ. ಅದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ. ಅದರ ಬೀಜಕಗಳು ಬೇಕರಿ ಒಲೆಯಲ್ಲೇ ಸಾಯದೆ ಉಳಿದಿರುತ್ತವೆ, ನಮ್ಮ ತವಾ ಏನು ಲೆಕ್ಕ. ಪ್ಯಾಕೆಟ್ ಮೇಲೆ 282 ಅಂತ ಇರೋ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಇವೆರಡನ್ನೂ ತಡಮಾಡೋಕೆ ಹಾಕೋದು. ಬೇಕರಿಯಲ್ಲಿ ದಿನದಿನ ಸುಡೋ ಬ್ರೆಡ್ಡಿಗೆ ಅದನ್ನ ಹಾಕದೇ ಇರಬಹುದು, ಹಾಗಾಗಿ ಅದಕ್ಕೆ 5 ದಿನದ ಲೆಕ್ಕ ಹಾಕಬೇಡಿ.

ಕರಾವಳಿ_ಹುಡಿ

ಹುಡಿ ಗಂಟು ಕಟ್ಟುವುದು ಪೂರ್ತಿ ಒಣಗದ್ದಕ್ಕೆ, ಬೇರೆ ಗುಟ್ಟು ಏನಿಲ್ಲ ಮಾರಾಯ್ರೆ. ಪ್ಯಾಕೆಟ್ ಬ್ರೆಡ್ಡಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರೇ ಉಂಟು. ತವಾದಲ್ಲಿ ಹೊರಗೆ ಕೆಂಪಾದರೂ ನಡು ಹಸಿಯಾಗಿಯೇ ಇರ್ತದೆ, ಡಬ್ಬಿಯಲ್ಲಿ ಆ ನೀರು ಎಲ್ಲಾ ಕಡೆ ಹರಡ್ತದೆ.

ತೂಕ ನೋಡಿ, ಅದೇ ಸರಿಯಾದ ಪರೀಕ್ಷೆ. 200 ಗ್ರಾಂ ಬ್ರೆಡ್ ಒಣಗಿ 130 ಗ್ರಾಮಿಗೆ ಇಳಿದರೆ ಆಯಿತು. 150ರಲ್ಲಿ ನಿಂತಿದ್ದರೆ ಇನ್ನೂ ಹಸಿ. ತಕ್ಕಡಿ ಇಲ್ಲದಿದ್ದರೆ ದಪ್ಪ ತುಂಡೊಂದನ್ನು ನಡುವಿನಲ್ಲಿ ಒತ್ತಿ, ಹುಡಿಯಾಗಬೇಕು, ಬಗ್ಗಬಾರದು.

ಓವನ್ ಇದ್ದರೆ ಸ್ಲೈಸನ್ನು ತುಂಡು ಮಾಡಿ 120 ಡಿಗ್ರಿಯಲ್ಲಿ 25–30 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ. 180ಕ್ಕೆ ಇಟ್ಟರೆ ಮಿಲ್ಕ್ ಬ್ರೆಡ್ ಒಣಗುವ ಮೊದಲೇ ಕೆಂಪಾಗ್ತದೆ, ಆ ಹುಡಿ ಕಟ್ಲೆಟಿಗೆ ಹಚ್ಚಿ ಕರಿಯುವಾಗ ಕಪ್ಪಾಗ್ತದೆ. ಓವನ್ ಇಲ್ಲದವರು ಬ್ರೆಡ್ಡನ್ನು ಮೊದಲು ಒರಟಾಗಿ ಮಿಕ್ಸಿ ಮಾಡಿ, ಆಮೇಲೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12–15 ನಿಮಿಷ ಕೈಬಿಡದೆ ಹುರಿಯಿರಿ. ಸ್ಲೈಸ್ ಒಣಗಿಸುವುದಕ್ಕಿಂತ ಹುಡಿ ಒಣಗಿಸುವುದು ಸುಲಭ.

ಎರಡನೇ ತಪ್ಪು, ಬಿಸಿ ಇರುವಾಗ ಡಬ್ಬಿಗೆ ಹಾಕುವುದು. ಮುಚ್ಚಳದ ಒಳಗೆ ಬೆವರು ಕಂಡರೆ ಆ ಹುಡಿ ಹೋಯಿತು ಅಂತಲೇ. ಅಗಲ ತಟ್ಟೆಯಲ್ಲಿ ಅರ್ಧ ಗಂಟೆ ಆರಿಸಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿ ಹೊರಗೆ ಇಡುವುದೇ ಇಲ್ಲ, ಫ್ರೀಜರ್. ಅಲ್ಲಿ ಗಂಟು ಕಟ್ಟುವುದಿಲ್ಲ, ಚಮಚದಲ್ಲಿ ನೇರ ತೆಗೆಯಬಹುದು.

ಒಗ್ಗರಣೆ_ಸೌಟು

ಧಾರವಾಡದವರು ಹೇಳಿದ ಹಾಗೆ ಉಪ್ಪಿಟ್ಟು ಮಾಡಿದೆ, ಒಂದೊಂದು ತುಂಡೂ ಬಿಡಿಬಿಡಿ. ತುಂಬಾ ಥ್ಯಾಂಕ್ಸ್ ರೀ. ಜಾಮೂನು 17 ಬಂತು, ಒಂದೂ ಒಡೆಯಲಿಲ್ಲ. ಆದರೆ ಪಾಕದಲ್ಲಿ ಅರ್ಧ ಗಂಟೆ ಇಟ್ಟ ಮೇಲೆ ಮೈ ಸುಕ್ಕು, ನಡುವೆ ಪಾಕ ಇಳಿದಿಲ್ಲ. ಪಾಕ ಕುದಿಸಿ ಆರಿಸಿಟ್ಟಿದ್ದೆ, ಬಳಸುವಾಗ ಗಟ್ಟಿಯಾಗಿತ್ತು.

ಎಳೆಪಾಕ

ಉತ್ತರ ನೀವೇ ಬರೆದಿದ್ದೀರ. ಗಟ್ಟಿ ಪಾಕ ಒಳಗೆ ಇಳಿಯೋದಿರಲಿ, ಉಂಡೆಯ ನೀರನ್ನೇ ಹೊರಗೆಳೆಯುತ್ತೆ, ಸುಕ್ಕು ಅದರದ್ದು. ಎರಡು ದೊಡ್ಡ ಚಮಚ ನೀರು ಸೇರಿಸಿ ಪಾಕ ಮತ್ತೆ ಬಿಸಿ ಮಾಡಿ, ಬೆರಳು ತಡೆಯುವಷ್ಟು ಬಿಸಿ ಇರುವಾಗ ಉಂಡೆ ಹಾಕಿ. ಉಂಡೆ ಎಣ್ಣೆಯಿಂದ ತೆಗೆದು 2 ನಿಮಿಷ ಆಗಿರಲಿ. ಕುದಿಯೋ ಪಾಕಕ್ಕೆ ಹಾಕಿದರೆ ಕರಗುತ್ತೆ, ಅದೂ ಬೇಡ. ಈಗಾಗಲೇ ಸುಕ್ಕಾದವಕ್ಕೂ ಇದನ್ನೇ ಮಾಡಿ, ಪೂರ್ತಿ ಅಲ್ಲದಿದ್ದರೂ ನಡುವಿಗೆ ಸಿಹಿ ಇಳಿಯುತ್ತೆ. ಬ್ರೆಡ್ ಜಾಮೂನು 3–4 ಗಂಟೆಯೊಳಗೆ ತಿನ್ನೋ ಪದಾರ್ಥ, ರಾತ್ರಿಯೆಲ್ಲ ಪಾಕದಲ್ಲಿಟ್ಟರೆ ಬೆಳಿಗ್ಗೆ ಪಾಯಸ.

ಹೆಂಚು_ಕಾವು

ಇದೇ ಲೆಕ್ಕ ಬ್ರೌನ್ ಬ್ರೆಡ್ಡಿಗೂ ನಡೆಯುತ್ತಾ?

ಹಿಟ್ಟು_ಹದ

ಉಪ್ಪಿಟ್ಟಿಗೆ ಧಾರಾಳ. ಜಾಮೂನಿಗೆ ಬೇಡ, ತೌಡು ಇರೋದರಿಂದ ಉಂಡೆ ನುಣುಪಾಗಲ್ಲ, ಬಿರುಕು ಖಾತ್ರಿ. ಬ್ರೌನ್ ಬ್ರೆಡ್ ಚೆನ್ನಾಗಿ ಹೊಂದೋದು ದೋಸೆಗೆ: 6 ಸ್ಲೈಸಿಗೆ ಅರ್ಧ ಕಪ್ ಚಿರೋಟಿ ರವೆ, ಕಾಲು ಕಪ್ ಅಕ್ಕಿಹಿಟ್ಟು, ಅರ್ಧ ಕಪ್ ಹುಳಿ ಮೊಸರು, ನೀರು ಬೇಕಾದಷ್ಟು. 15 ನಿಮಿಷ ನೆನೆಸಿ ರುಬ್ಬಿ. ಬ್ರೆಡ್ ಇದಕ್ಕಿಂತ ಹೆಚ್ಚಾದರೆ ಹೆಂಚಿಗೆ ಕಚ್ಚಿ ಏಳಲ್ಲ, ಆಗ ಅಕ್ಕಿಹಿಟ್ಟು ಎರಡು ಚಮಚ ಹೆಚ್ಚಿಸಿ. ಉರಿ ಮಧ್ಯಮ, ಬ್ರೆಡ್ಡಿನ ಸಕ್ಕರೆ ಬೇಗ ಕೆಂಪಾಗುತ್ತೆ.

ಒಗ್ಗರಣೆ_ಸೌಟು

ಜಾಮೂನಿಗೆ ತೆಗೆದ ಅಂಚು 70 ಗ್ರಾಮಿನಷ್ಟಿದೆ. ಅದನ್ನೂ ಪುಡಿಗೇ ಸೇರಿಸಲಾ?

ಕರಾವಳಿ_ಹುಡಿ

ಒಣಗಿಸಿ ಹುಡಿ ಮಾಡಿ, ಆದರೆ ಡಬ್ಬಿ ಬೇರೆ ಇರಲಿ. ಅಂಚು ಮೊದಲೇ ಕೆಂಪಾದದ್ದು, ಕಟ್ಲೆಟಿಗೆ ಹಚ್ಚಿದರೆ ಬಿಳಿ ಹುಡಿಯ ನಡುವೆ ಕಪ್ಪು ಚುಕ್ಕೆ ಕಾಣ್ತದೆ. ಅದು ಕಟ್ಲೆಟಿನ ಒಳಗೆ ಹಾಕಲಿಕ್ಕೆ ಒಳ್ಳೆಯದು: ಬೇಯಿಸಿದ ಬಟಾಟೆ ಕಾಲು ಕಿಲೋಗೆ 2 ದೊಡ್ಡ ಚಮಚ, ನೀರು ಬಿಟ್ಟ ಪಲ್ಯವಾದರೆ 3.