ನೇರ ಮಾರ್ಗ ಬಂದ ಮೇಲೆ ಅರಸೀಕೆರೆ ಜಂಕ್ಷನ್ನಿನ ಪ್ರಾಮುಖ್ಯ ಕುಗ್ಗಿತೇ?

ಪ್ರಶ್ನೆ (ಜಾವಗಲ್ ಕಡೆಯವರು)

ನಮ್ಮ ಹೋಬಳಿಯವರಿಗೆ ರೈಲು ಎಂದರೆ ಇಂದಿಗೂ ಅರಸೀಕೆರೆಯೇ. ಹಿಂದೆ ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ರೈಲುಗಳು ತುಮಕೂರು, ತಿಪಟೂರುಗಳನ್ನು ದಾಟಿ ಇಲ್ಲಿಗೆ ಬಂದು, ಇಲ್ಲಿಂದ ದಕ್ಷಿಣಕ್ಕೆ ಹೊರಳುತ್ತಿದ್ದವು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ನೇರ ಮಾರ್ಗ ತೆರೆದ ಮೇಲೆ ಆ ಸಂಚಾರ ಅತ್ತ ಸರಿದಿದೆ. ಇನ್ನು ಮುಂದೆ ಇದು ಹುಬ್ಬಳ್ಳಿ ದಾರಿಯ ಮತ್ತೊಂದು ನಿಲ್ದಾಣ ಮಾತ್ರವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ರೈಲ್ವೆ ನೌಕರ)

ಮಾನ್ಯರೇ, ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ ನಿಮ್ಮ ಆತಂಕ ಅರ್ಧ ಕರಗುತ್ತದೆ. ನೇರ ಮಾರ್ಗ ಕಸಿದುಕೊಂಡದ್ದು ಬೆಂಗಳೂರು–ಹಾಸನ ಸಂಚಾರವನ್ನು ಮಾತ್ರ. ಮೈಸೂರು, ಹಾಸನಗಳಿಂದ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಗಳ ಕಡೆಗೆ ಬೆಂಗಳೂರನ್ನು ಬಳಸದೆ ಹೋಗುವವರಿಗೆ ಅರಸೀಕೆರೆಯೇ ದಾರಿ. ಮೈಸೂರು–ಧಾರವಾಡ ರೈಲು ಓಡುವುದೂ ಹೀಗೆಯೇ.

ಈ ಕವಲು ಹುಟ್ಟಿದ್ದೂ ಮೈಸೂರಿನ ದಿಕ್ಕಿನಿಂದ ಎಂಬುದನ್ನು ನಾವು ಮರೆಯಬಾರದು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದತ್ತ ಮೀಟರ್ ಗೇಜ್ (ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿರುವ) ಹಳಿ ಸಾಗಿದಾಗ ಅರಸೀಕೆರೆ ನಡುದಾರಿಯ ಒಂದು ನಿಲ್ದಾಣವಷ್ಟೇ ಆಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–1918ರ ಅವಧಿಯಲ್ಲಿ ಮೈಸೂರು ಸಂಸ್ಥಾನ ತಾನೇ ಮುಂದಾಗಿ ಮೈಸೂರಿನಿಂದ ಹಾಸನದ ಮೇಲೆ ಇಲ್ಲಿಯವರೆಗೆ ಹಳಿ ಹಾಕಿಸುವ ಕೆಲಸ ಕೈಗೊಂಡದ್ದರಿಂದ ಇದು ಜಂಕ್ಷನ್ ಆಯಿತು. ಮಂಗಳೂರಿನ ಹಳಿ ಹಾಸನವನ್ನು ಕೂಡಿಕೊಂಡದ್ದು 1979ರಲ್ಲಿ, ಎಂದರೆ ಸುಮಾರು 60 ವರ್ಷಗಳ ನಂತರ. ಮೈಸೂರು, ಹಾಸನಗಳನ್ನು ಹುಬ್ಬಳ್ಳಿ ದಾರಿಗೆ ಕೂಡಿಸುವ ಆ ಮೊದಲ ಕೆಲಸವನ್ನು ಇಂದಿಗೂ ಬೇರೆ ಯಾವ ಮಾರ್ಗವೂ ವಹಿಸಿಕೊಂಡಿಲ್ಲ.

ಉತ್ತರ 2 (ಹಾಸನದವರು)

ಮೇಲಿನವರು ಗೂಡ್ಸ್ ಗಾಡಿಗಳ ಮಾತನ್ನು ಬಿಟ್ಟಿದ್ದಾರೆ. ಬಳ್ಳಾರಿ ಸೀಮೆಯಿಂದ ಮಂಗಳೂರು ಬಂದರಿಗೆ ಅದಿರು ಇಳಿಯುವ ದಾರಿ ಚಿಕ್ಕಜಾಜೂರು, ಅರಸೀಕೆರೆ, ಹಾಸನಗಳದ್ದು. ಮುಂದೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿದ್ದು, 50 ಮೀಟರಿಗೆ 1 ಮೀಟರಿನಷ್ಟು ಇಳಿಜಾರಿದೆ. ಗೇಜ್ ಪರಿವರ್ತನೆಗಾಗಿ (ಮೀಟರ್ ಗೇಜ್ ಹಳಿಯನ್ನು ಹೆಚ್ಚು ಅಗಲದ ಬ್ರಾಡ್ ಗೇಜ್‌ಗೆ ಬದಲಿಸಲು) 1990ರ ದಶಕದಲ್ಲಿ ನಿಂತ ಪ್ರಯಾಣಿಕರ ಸಂಚಾರ ಮತ್ತೆ ಆರಂಭವಾದದ್ದು 2007ರ ಡಿಸೆಂಬರಿನಲ್ಲಿ. ಗೂಡ್ಸ್ ಗಾಡಿಗಳು ಅದಕ್ಕೂ ಮೊದಲೇ ಓಡತೊಡಗಿದ್ದವು.

ಉತ್ತರ 3 (ಬಾಣಾವರದ ತೆಂಗು ಬೆಳೆಗಾರ್ತಿ)

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯವನ್ನು ಸೇರಿಸಲೇಬೇಕು. ಎಷ್ಟು ರೈಲು ಹಾದುಹೋಗುತ್ತವೆ ಎಂಬುದಕ್ಕಿಂತ, ಒಂದರಿಂದ ಇಳಿದವರಿಗೆ ಇನ್ನೊಂದು ಸಿಗುತ್ತದೆಯೇ ಎಂಬುದೇ ನಮ್ಮಂಥ ಹಳ್ಳಿಯವರಿಗೆ ಮುಖ್ಯ. ಕೊಬ್ಬರಿ ಹರಾಜು ಮುಗಿಸಿ ಊರಿಗೆ ಹೊರಟ ರೈತನಿಗೂ, ಹಾಸನದ ಕಾಲೇಜಿಗೆ ಹೋಗಿಬರುವ ಹುಡುಗಿಯರಿಗೂ ಬೇಕಾದದ್ದು ಹೊತ್ತಿಗೆ ಸರಿಯಾದ ಪ್ಯಾಸೆಂಜರ್ ರೈಲು ಮತ್ತು ಅದನ್ನು ಕಾಯ್ದು ಹೊರಡುವ ಬಸ್ಸು. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸುಗಳ ವೇಳೆಯನ್ನು ರೈಲುಗಳ ವೇಳೆಗೆ ಹೊಂದಿಸಿದರೆ ಪ್ರವಾಸಿಗರೂ ಇಲ್ಲಿಯೇ ಇಳಿಯುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬಸ್ಸಿನ ವೇಳೆಯ ಬಗ್ಗೆ ಜಾವಗಲ್ಲಿನಲ್ಲಿ ಸಹಿ ಸಂಗ್ರಹಿಸಿ ಮನವಿ ಸಲ್ಲಿಸಬೇಕೆಂದಿದ್ದೇನೆ. ಬಾಣಾವರದ ಅಕ್ಕನವರು ತಮ್ಮ ಕಡೆಯ ಹಳ್ಳಿಗಳ ಅಗತ್ಯಗಳನ್ನೂ ಬರೆದು ತಿಳಿಸಿದರೆ ಎರಡನ್ನೂ ಒಂದೇ ಮನವಿಯಲ್ಲಿ ಸೇರಿಸುತ್ತೇನೆ.