ರಸ್ತೆಯಿಂದ ಕಾಣೋ ಗುಡ್ಡ, ಸಾಲುಮರ ಉಳಿಸೋಕೆ ಗ್ರಾಮಸಭೆ ನಿರ್ಣಯ ಸಾಕಾ?

ನಾಲೆ ಏರಿ:
ಪಾಂಡವಪುರದ ಕಡೆಯ ಊರು. ಜಿಲ್ಲಾ ಮುಖ್ಯರಸ್ತೆಯ ಎರಡೂ ಬದಿ ಹಳೇ ಆಲ, ಹುಣಸೆ. ಗದ್ದೆ ಬಯಲಿನ ಆಚೆ ಬಂಡೆಗಲ್ಲಿನ ಗುಡ್ಡ. ರಸ್ತೆಗೆ ತಾಗಿದ ಜಮೀನಿಗೆ ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಅರ್ಜಿ ಹಾಕಿದ್ದಾರೆ, ರೆಸಾರ್ಟ್ ಬರುತ್ತಂತೆ. ನಿರ್ಣಯ ಮಾಡಿದ್ರೆ ನಿಲ್ಲುತ್ತಾ?

ಪಹಣಿ ಪುರಾಣ:
ಬರೀ ನಿರ್ಣಯಕ್ಕೆ ನಿಲ್ಲಲ್ಲ. ಪರಿವರ್ತನೆ ಜಿಲ್ಲಾಧಿಕಾರಿ ಕೈಲಿದೆ, ಭೂಕಂದಾಯ ಕಾಯ್ದೆ 1964ರ ಕಲಂ 95. ಮೊದಲು ಪಹಣಿಯ 3ನೇ ಕಾಲಂ ನೋಡಿ. 'ಎ' ಖರಾಬು ಅಂದ್ರೆ ಉಳಲಾಗದ ನೆಲ ಅಷ್ಟೆ. 'ಬಿ' ಖರಾಬು ಅಂದ್ರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ. ಜಮೀನು ಕೈ ಬದಲಾದ್ರೂ ಅದು ಖಾಸಗಿ ಆಗಲ್ಲ. ಪಹಣಿಯಲ್ಲಿ 'ಬಿ' ಕಾಣ್ಲಿಲ್ಲ ಅಂತ ಬಿಡಬೇಡಿ. ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಬರೆದಿರೋ ಸರ್ವೆ ದಾಖಲೆ), ಗ್ರಾಮ ನಕ್ಷೆ ಜೊತೆ ತಾಳೆ ಹಾಕಿ. ಗುಂಟೆ ವ್ಯತ್ಯಾಸ ಬಂದ್ರೆ ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಹದ್ದುಬಸ್ತು, ಅಂದ್ರೆ ಅಳತೆ ಮಾಡಿ ಗಡಿ ಗುರುತಿಸೋದು, ಮಾಡಿಸಿ. ಗುಡ್ಡ ಗೋಮಾಳವೋ ಅರಣ್ಯವೋ ಅನ್ನೋದೂ ಆಗಲೇ ಗೊತ್ತಾಗುತ್ತೆ.

ನಕ್ಷೆಗಾರ:
ಊರು ಯೋಜನಾ ಪ್ರದೇಶದೊಳಗೆ (ಮಾಸ್ಟರ್ ಪ್ಲಾನ್ ಮಾಡೋಕೆ ಸರ್ಕಾರ ಘೋಷಿಸಿದ ಪ್ರದೇಶ) ಇದ್ರೆ ನಿಮ್ಮ ಅಸ್ತ್ರ ಬೇರೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 12ರಲ್ಲಿ, ಮಾಸ್ಟರ್ ಪ್ಲಾನಿನಲ್ಲಿ ಕೆಲವು ಜಾಗಗಳನ್ನ ವಿಶೇಷ ನಿಯಂತ್ರಣ ಪ್ರದೇಶ ಅಂತ ಗುರುತಿಸಿ ಕಟ್ಟಡ ರೇಖೆ (ಇದನ್ನ ದಾಟಿ ರಸ್ತೆ ಕಡೆ ಕಟ್ಟೋ ಹಾಗಿಲ್ಲ ಅನ್ನೋ ಗೆರೆ), ಎತ್ತರ ನಿಗದಿ ಮಾಡೋ ಅವಕಾಶ ಇದೆ. ಯಾರೂ ಕೇಳೋದೇ ಇಲ್ಲ! ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ. ಬಿಡಿ ಜಮೀನಿನ ಭೂಬಳಕೆ ಬದಲಾವಣೆಗೆ ಕಲಂ 14ಎ, ಅಲ್ಲಿ ಪತ್ರಿಕಾ ಪ್ರಕಟಣೆಯಿಂದ ಕನಿಷ್ಠ 15 ದಿನ ಮಾತ್ರ.

"ಸೌಂದರ್ಯ ಹಾಳಾಗುತ್ತೆ" ಅಂತ ಬರೆದ ಅರ್ಜಿ ಬಿದ್ದುಹೋಗುತ್ತೆ. ಸರ್ವೆ ನಂಬರ್ ಹಾಕಿ, ಲೆಕ್ಕ ಕೊಡಿ. ಗುಡ್ಡ 60 ಮೀಟರ್ ಎತ್ತರ, ರಸ್ತೆಯಿಂದ 1 ಕಿ.ಮೀ. ದೂರ, ನೋಡುವವರ ಕಣ್ಣು 1.5 ಮೀಟರ್‌ನಲ್ಲಿ ಅಂತಿಟ್ಟುಕೊಳ್ಳಿ. ನೆಲ ಸಮತಟ್ಟಾಗಿದ್ರೆ, ರಸ್ತೆಯಿಂದ 100 ಮೀಟರ್ ದೂರದಲ್ಲಿರೋ ಕಟ್ಟಡ ಸುಮಾರು 7.3 ಮೀಟರ್ ದಾಟಿದ್ರೆ ಅದರ ಹಿಂದೆ ಗುಡ್ಡದ ತುದಿಯೂ ಕಾಣಲ್ಲ. ಅದೇ 20 ಮೀಟರ್‌ನಲ್ಲಿ? ಬರೀ 2.7 ಮೀಟರ್, ಅಂದ್ರೆ ಒಂಬತ್ತಡಿ ಕಾಂಪೌಂಡ್ ಗೋಡೆ ಸಾಕು. ಹಾಗಾಗಿ ಕಟ್ಟಡಕ್ಕಿಂತ ಮೊದಲು ಗೋಡೆ ಬಗ್ಗೆ ಕೇಳಿ: ರಸ್ತೆ ಬದಿಗೆ ತಂತಿಬೇಲಿ ಅಥವಾ ಗಿಡ್ಡ ಗೋಡೆ ಮಾತ್ರ.

ಆಲದ ಬೀಳಲು:
ಮರಗಳಿಗೆ ವೃಕ್ಷ ಸಂರಕ್ಷಣಾ ಕಾಯ್ದೆ 1976 ಇದೆ, ಕಡಿಯೋಕೆ ವೃಕ್ಷಾಧಿಕಾರಿ ಅನುಮತಿ ಬೇಕು. ಆದ್ರೆ ಕೊಡಲಿ ಇಲ್ಲದೇನೂ ಮರ ಸಾಯುತ್ತೆ. ಗೇಟಿಗೆ ದಾರಿ ಮಟ್ಟ ಮಾಡೋಕೆ ಬುಡಕ್ಕೆ ಎರಡಡಿ ಗ್ರಾವೆಲ್ ಸುರಿದು ರೋಲರ್ ಓಡಿಸಿದ್ರೆ ಬೇರಿಗೆ ಗಾಳಿ ಸಿಗಲ್ಲ. ಕೆಲವು ವರ್ಷಕ್ಕೆ ತುದಿ ಒಣಗುತ್ತೆ, ಆಮೇಲೆ 'ಅಪಾಯಕಾರಿ ಒಣಮರ' ಅಂತ ಹರಾಜು. ಈಗಲೇ ಪ್ರತಿ ಮರಕ್ಕೂ ನಂಬರ್, ಜಾತಿ, ಎದೆಮಟ್ಟದ ಸುತ್ತಳತೆ ಬರೆದು ಫೋಟೋ ಸಮೇತ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಕೊಟ್ಟು ಸ್ವೀಕೃತಿ ತಗೊಳ್ಳಿ.

ನಾಲೆ ಏರಿ:
ಯೋಜನಾ ಪ್ರದೇಶದಲ್ಲಿ ನಮ್ಮೂರು ಇಲ್ಲ ಅಂದ್ರೆ?

ನಕ್ಷೆಗಾರ:
ಆಗ ಎರಡು ದಾರಿ. ಭಾರತೀಯ ರಸ್ತೆ ಕಾಂಗ್ರೆಸ್‌ (ರಸ್ತೆಗಳ ಮಾನದಂಡ ರೂಪಿಸೋ ಸಂಸ್ಥೆ, ಐಆರ್‌ಸಿ) ಮಾನದಂಡದಲ್ಲಿ ಬಯಲು ಸೀಮೆಯ ಜಿಲ್ಲಾ ಮುಖ್ಯರಸ್ತೆಗೆ ಕಟ್ಟಡ ರೇಖೆಗಳ ನಡುವೆ 50 ಮೀಟರ್, ಅಂದ್ರೆ ಮಧ್ಯದಿಂದ 25. ನಿಮ್ಮ ರಸ್ತೆಗೆ ಈ ಕಟ್ಟಡ ರೇಖೆಯ ಅಧಿಸೂಚನೆ ಆಗಿದೆಯಾ ಅಂತ ಲೋಕೋಪಯೋಗಿ ಉಪವಿಭಾಗದಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಇನ್ನೊಂದು, ಕಟ್ಟಡ ಪರವಾನಗಿ ಪಂಚಾಯಿತಿಯದ್ದೇ, ಪಂಚಾಯತ್ ರಾಜ್ ಕಾಯ್ದೆ 1993ರ ಕಲಂ 64. ನಿಮ್ಮ ಗ್ರಾಮಸಭೆ ನಿರ್ಣಯ ಕೆಲಸಕ್ಕೆ ಬರೋದು ಅಲ್ಲಿ. "ಕಟ್ಟೋ ಹಾಗಿಲ್ಲ" ಅಂತ ಬೇಡ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಎತ್ತರ, ಬೇಲಿ, ಮರದ ಬುಡಕ್ಕೆ ಮಣ್ಣು ಹಾಕಬಾರದು, ಇವನ್ನ ಪರವಾನಗಿ ಷರತ್ತಾಗಿ ಸೇರಿಸಿ ಅಂತ ಬರೆಸಿ. ಪರವಾನಗಿ ಅರ್ಜಿ ಬರೋ ಮುಂಚೆ ಪಿಡಿಒ ಮೇಜಿನ ಮೇಲಿರಲಿ.